ಹಗಲಲ್ಲೂ ಕಾಣದ ಬಾವಿ

ಹಳೆಯದೊಂದು ಕೃತಿಯನ್ನು ಹೊಸ ಸಾಧನಕ್ಕೆ ಒಗ್ಗಿಸಿ ಲೋಕಕ್ಕೆ ಮರಳಿ ಒಪ್ಪಿಸುವವನು ಎರಡು ಋಣಗಳಿಗೆ ಬಾಧ್ಯನಾಗುವನು. ಒಂದು, ಕೃತಿಯನ್ನು ಕಟ್ಟಿದವನ ಋಣ. ಇನ್ನೊಂದು, ಅದನ್ನು ಹಿಂದೆಂದೂ ಕಾಣದೆ ಈಗಲೇ ಮೊದಲ ಸಲ ಕೈಗೆತ್ತಿಕೊಳ್ಳುವ ಹೊಸಬನ ಋಣ. ಮೂಲವನ್ನು ಬಲ್ಲವನು ಮರುರೂಪದಲ್ಲಿ ಕುಂದನ್ನು ಕಂಡರೆ ತನ್ನ ನೆನಪಿನಿಂದ ಅದನ್ನು ತುಂಬಿಕೊಳ್ಳುವನು. ಹೊಸಬನಿಗೆ ಆ ಅನುಕೂಲವಿಲ್ಲ. ಅವನ ಪಾಲಿಗೆ ಮರುರೂಪವೇ ಮೂಲ. ಅದರ ಕುಂದೇ ಕೃತಿಯ ಕುಂದು. ಆದುದರಿಂದ ಎರಡನೆಯ ಋಣವು ಮೊದಲನೆಯದಕ್ಕಿಂತಲೂ ಭಾರವಾದುದು.

ಗ್ರಂಥಸಂಪಾದನೆ, ಭಾಷಾಂತರ, ಸಂಗ್ರಹ ಮುಂತಾದವುಗಳ ವಿಷಯದಲ್ಲಿ ಈ ಮಾತನ್ನು ಯಾರೂ ಅಲ್ಲಗಳೆಯರು. ಆದರೆ ಮನೆಮನೆಯ ಮಕ್ಕಳ ಕೈಯಲ್ಲಿ ದಿನವೂ ಹೊರಳುವ ವಿಡಿಯೋ ಆಟಗಳ ಪ್ರಸ್ತಾಪ ಬಂದೊಡನೆ, ‘ಆಟ ತಾನೆ!’ ಎಂದು ಮಾತನ್ನು ತೇಲಿಸಿಬಿಡುವುದು ವಿದ್ಯಾವಂತರಲ್ಲಿ ರೂಢಿಯಾಗಿದೆ. ಈ ಔದಾಸೀನ್ಯದ ಫಲವೇನೆಂದರೆ, ಆಟಗಳ ಪುನಾರಚನೆಯನ್ನು ಅಳೆಯುವ ಕೋಲು ಮಾರುವವರ ಕೈಯಲ್ಲಿಯೇ ಉಳಿದಿದೆ. ಅವರು ಎಣಿಸುವುದು ಒಂದನ್ನೇ: ಮೂಲಕ್ಕಿಂತ ಇದರಲ್ಲಿ ಏನೇನು ಹೆಚ್ಚಾಗಿದೆ? ಏನು ಕಡಮೆಯಾಯಿತೆಂದು ಅವರು ಹೇಳರು, ಕೊಳ್ಳುವವರು ಕೇಳರು. ಈ ಅಳತೆಯ ದೋಷವನ್ನು ತೋರಿಸುವುದಕ್ಕೆ 1999ರಲ್ಲಿ ಹೊರಬಿದ್ದ ‘ಸೂಪರ್ ಮಾರಿಯೊ ಬ್ರದರ್ಸ್ ಡಿಲಕ್ಸ್’ ಎಂಬ ಅಂಗೈಯಾಟಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು. ಏಕೆಂದರೆ ಅದು ಕೆಟ್ಟದೆಂದು ಹೆಸರಾದ ಕೃತಿಯಲ್ಲ. ವಿಮರ್ಶಕರು ಬಹುಮಟ್ಟಿಗೆ ಅದನ್ನು ಕೊಂಡಾಡಿದರು. ಇಂದಿಗೂ ಮೂಲಕ್ಕಿಂತ ಅದೇ ಮೇಲೆಂದು ಸಾಧಿಸುವವರುಂಟು. ಎಲ್ಲರೂ ಹೊಗಳಿದ ಕಡೆಯಲ್ಲಿಯೇ ಪರೀಕ್ಷೆ ಹೆಚ್ಚು ಅವಶ್ಯ.

ಮೂಲಕೃತಿಯ ಧರ್ಮ

ಜಪಾನಿನ ನಿಂಟೆಂಡೊ ಸಂಸ್ಥೆಯು 1985ನೆಯ ಸೆಪ್ಟೆಂಬರಿನಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್’ ಎಂಬ ಆಟವನ್ನು ತನ್ನ ಫ್ಯಾಮಿಕಾಮ್ ಯಂತ್ರಕ್ಕಾಗಿ ಪ್ರಕಟಿಸಿತು. ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಎಂಬಿಬ್ಬರು ಅದರ ವಿನ್ಯಾಸಕಾರರು. ಸಂಗೀತ ಕೋಜಿ ಕೊಂಡೊ ಅವರದು. ಎಂಟು ಲೋಕಗಳು, ಲೋಕಕ್ಕೆ ನಾಲ್ಕರಂತೆ 32 ಘಟ್ಟಗಳು. ಇಷ್ಟೆಲ್ಲವೂ 40 ಕಿಲೋಬೈಟುಗಳಲ್ಲಿ ಅಡಗಿದೆ. ಇಂದಿನ ದೂರವಾಣಿಯಲ್ಲಿ ತೆಗೆದ ಒಂದೇ ಒಂದು ಭಾವಚಿತ್ರವು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಸ್ಥಳವನ್ನು ನುಂಗುವುದು. ಮೀಸೆಯ ಕೊಳಾಯಿ ಕೆಲಸಗಾರನೊಬ್ಬನು ಎಡದಿಂದ ಬಲಕ್ಕೆ ಓಡುತ್ತ, ನೆಲದಿಂದ ನೆಲಕ್ಕೆ ನೆಗೆಯುತ್ತ, ಸೆರೆಯಾದ ರಾಜಕುಮಾರಿಯನ್ನು ಬಿಡಿಸುವುದೇ ಇದರ ಕಥೆ. ಕಥೆಯೆಂಬಷ್ಟು ಕಥೆ ಅಲ್ಲಿಲ್ಲ, ರಸವಿರುವುದು ನೆಗೆತದಲ್ಲಿ. ಇಂಥ ಆಟಗಳಿಗೆ ಪ್ಲಾಟ್‌ಫಾರ್ಮ್ ಆಟಗಳೆಂದು ಹೆಸರು.

ನೆಗೆತವೆಂಬುದು ಕಾಲಿನ ಕೆಲಸವೆಂದು ತೋರಿದರೂ ಅದರ ಮುಕ್ಕಾಲುಪಾಲು ಕಣ್ಣಿನ ಕೆಲಸವೇ ಸರಿ. ಹಳ್ಳದ ಅಗಲವೆಷ್ಟು, ಆಚೆಯ ದಡ ಎತ್ತರವೋ ತಗ್ಗೋ, ಅಲ್ಲಿ ಶತ್ರುವಿರುವನೋ ಇಲ್ಲವೋ ಎಂಬುದನ್ನು ಕಣ್ಣು ಅಳೆದು ಕೈಗೆ ಹೇಳಬೇಕು. ಕೈ ಗುಂಡಿಯನ್ನು ಅದುಮಬೇಕು. ಮೂಲದ ವಿನ್ಯಾಸಕಾರರು ಈ ಗುಟ್ಟನ್ನು ಚೆನ್ನಾಗಿ ಅರಿತಿದ್ದರು. ಅವರ ತೆರೆಯ ಅಗಲ 256 ಚುಕ್ಕಿ, ಎತ್ತರ 240 ಚುಕ್ಕಿ. ಲೋಕವೆಲ್ಲವನ್ನೂ ಅವರು 16 ಚುಕ್ಕಿಯ ಚೌಕಗಳಿಂದ ಕಟ್ಟಿದರು. ಹೀಗಾಗಿ ಒಂದು ತೆರೆಗೆ ಅಡ್ಡಲಾಗಿ 16 ಚೌಕ, ಉದ್ದಕ್ಕೆ 15 ಚೌಕ. ಈ ಹದಿನಾರು ಚೌಕಗಳ ಕಿಟಕಿಯೇ ಅವರ ಛಂದಸ್ಸು. ಹಳ್ಳ, ಮೆಟ್ಟಿಲು, ಶತ್ರು, ಕೊಳವೆ ಎಲ್ಲವನ್ನೂ ಆ ಕಿಟಕಿಯ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಲ್ಲಲ್ಲಿ ನಿಲ್ಲಿಸಿರುವರು.

ಮೊದಲನೆಯ ಘಟ್ಟವನ್ನೇ ನೋಡಬಹುದು. ಆರಂಭದಲ್ಲಿ ನಾಯಕನು ತೆರೆಯ ಎಡಭಾಗದಲ್ಲಿ ನಿಂತಿರುವನು. ಬಲಕ್ಕೆ ಬಯಲು ತೆರೆದಿದೆ. ‘ಬಲಕ್ಕೆ ನಡೆ’ ಎಂದು ಬರೆದು ತೋರಿಸದೆ ಆ ಬಯಲೇ ಹೇಳುವುದು. ಸ್ವಲ್ಪ ಮುಂದೆ ಗೂಂಬಾ ಎಂಬ ಪುಟ್ಟ ಶತ್ರು ಎದುರಿನಿಂದ ಮೆಲ್ಲಗೆ ಬರುವನು. ಹೊಸಬನಿಗೆ ಅವನನ್ನು ಕಂಡು, ಬೆದರಿ, ಯೋಚಿಸಿ, ನೆಗೆಯುವಷ್ಟು ಬಿಡುವಿದೆ. ಘಟ್ಟದ ಕೊನೆಯ ಭಾಗದಲ್ಲಿ ಏರುವ ಮೆಟ್ಟಿಲಸಾಲೊಂದು, ಇಳಿಯುವ ಮೆಟ್ಟಿಲಸಾಲೊಂದು, ನಡುವೆ ಎಡೆ. ಮೊದಲ ಜೋಡಿಯ ನಡುವೆ ಗಟ್ಟಿನೆಲವಿದೆ, ಬಿದ್ದರೂ ಅಪಾಯವಿಲ್ಲ. ಅದರ ಬೆನ್ನಿಗೇ ಬರುವ ಎರಡನೆಯ ಜೋಡಿಯ ನಡುವೆ ನೆಲವಿಲ್ಲ. ಬಿದ್ದರೆ ಪ್ರಾಣವೇ ಹೋಯಿತು. ಒಳ್ಳೆಯ ಉಪಾಧ್ಯಾಯನು ಮರಳ ಮೇಲೆ ತಿದ್ದಿಸಿದ ಅಕ್ಷರವನ್ನು ಆಮೇಲೆ ಕಾಗದದ ಮೇಲೆ ಬರೆಯಿಸುವಂತೆ ಇಲ್ಲಿಯ ಪಾಠಕ್ರಮ. ತಮ್ಮ ಮೊದಲ ಘಟ್ಟವು ಹೇಗೆ ಮಾತಿಲ್ಲದೆ ಕಲಿಸುವುದೆಂಬುದನ್ನು ಮಿಯಾಮೊಟೊ ಅವರೇ 2015ರಲ್ಲಿ ಬಿಡಿಬಿಡಿಯಾಗಿ ವಿವರಿಸಿದ್ದಾರೆ.

ಈ ಪಾಠಕ್ರಮದ ಅಡಿಯಲ್ಲಿ ಒಂದು ಧರ್ಮವಿದೆ. ಆಟವು ಆಟಗಾರನನ್ನು ಕೊಲ್ಲಬಹುದು, ಎಷ್ಟು ಸಲ ಬೇಕಾದರೂ ಕೊಲ್ಲಬಹುದು. ಆದರೆ ಕೊಲ್ಲುವುದಕ್ಕೆ ಮುಂಚೆ ಅಪಾಯವನ್ನು ತೋರಿಸಿರಬೇಕು. ‘ಹಗಲು ಕಂಡ ಬಾವಿಗೆ ಇರುಳು ಬಿದ್ದರಂತೆ’ ಎಂಬ ಗಾದೆಯಲ್ಲಿ ಬಿದ್ದವನ ಮೇಲೆಯೇ ನಗೆಯಿದೆ, ಬಾವಿಯ ಮೇಲಿಲ್ಲ. ಅದು ಹಗಲಿನಲ್ಲಿ ಕಂಡಿತ್ತಲ್ಲ! ಮೂಲದ ಮಾರಿಯೊ ಆಟದ ಬಾವಿಗಳೆಲ್ಲ ಹಗಲು ಕಂಡ ಬಾವಿಗಳು. ಬಿದ್ದವನು ‘ತಪ್ಪು ನನ್ನದೇ’ ಎಂದುಕೊಂಡು ಮತ್ತೆ ಎದ್ದು ಹೊರಡುವನು. ಇಷ್ಟು ಕಠಿಣವಾದ ಆಟವನ್ನು ಕೋಟ್ಯಂತರ ಜನರು ಬೇಸರಿಸದೆ ಆಡಿದುದರ ರಹಸ್ಯವು ಈ ನ್ಯಾಯದಲ್ಲಿದೆ.

ಆರಾಣೆಯ ಕಿಟಕಿ

1999ರಲ್ಲಿ ಈ ಆಟವನ್ನು ಗೇಮ್ ಬಾಯ್ ಕಲರ್ ಎಂಬ ಅಂಗೈಯಂತ್ರಕ್ಕೆ ಇಳಿಸಿದರು. ಜೇಬಿನಲ್ಲಿ ಹಿಡಿಯುವ, ಎರಡು ಸಣ್ಣ ಬ್ಯಾಟರಿಗಳಿಂದ ನಡೆಯುವ ಯಂತ್ರ ಅದು. 1998ರಲ್ಲಿ ಪೇಟೆಗೆ ಬಂದಿತ್ತು. ಅದರ ತೆರೆಯ ಅಗಲ 160 ಚುಕ್ಕಿ, ಎತ್ತರ 144 ಚುಕ್ಕಿ. ಹದಿನಾರರ ಚೌಕಗಳಲ್ಲಿ ಎಣಿಸಿದರೆ ಅಡ್ಡಲಾಗಿ 10, ಉದ್ದಕ್ಕೆ 9. ಮೂಲದ ತೆರೆಯಲ್ಲಿ 240 ಚೌಕಗಳು ಒಮ್ಮೆಗೆ ಕಾಣುತ್ತಿದ್ದರೆ ಇಲ್ಲಿ ಕಾಣುವುವು 90. ಹಳೆಯ ನಾಣ್ಯದ ಲೆಕ್ಕದಲ್ಲಿ ಹೇಳುವುದಾದರೆ, ಹದಿನಾರಾಣೆಯ ಚಿತ್ರದಲ್ಲಿ ಆಟಗಾರನ ಕೈಗೆ ಬಂದುದು ಸರಿಯಾಗಿ ಆರಾಣೆ.

ಚಿಕ್ಕ ತೆರೆಗೆ ದೊಡ್ಡ ಚಿತ್ರವನ್ನು ಒಗ್ಗಿಸುವುದಕ್ಕೆ ಹಲವು ದಾರಿಗಳುಂಟು. ಪುನಾರಚಕರು ಹಿಡಿದುದು ಅತಿ ಸುಲಭವಾದ ದಾರಿಯನ್ನು. ಮಾರಿಯೊ ಮೊದಲಿದ್ದಷ್ಟೇ ದೊಡ್ಡವನು. ಹಳ್ಳಗಳು ಮೊದಲಿದ್ದಷ್ಟೇ ಅಗಲ. ಶತ್ರುಗಳೂ ಘಟ್ಟಗಳೂ ಮೊದಲಿದ್ದಂತೆಯೇ. ಕಿಟಕಿಯನ್ನು ಮಾತ್ರ ನಾಲ್ಕು ಕಡೆಯಿಂದಲೂ ಕತ್ತರಿಸಿ ಕಿರಿದುಮಾಡಿದರು. ಎಂದರೆ ಪದ್ಯದ ಒಂದು ಅಕ್ಷರವನ್ನೂ ತಿದ್ದಲಿಲ್ಲ. ಓದುವವನ ಕಣ್ಣಿಗೆ ಮಾತ್ರ ಪಟ್ಟಿ ಕಟ್ಟಿ, ಒಂದೊಂದು ಸಾಲಿನ ಅರ್ಧವನ್ನಷ್ಟೇ ಕಾಣುವಂತೆ ಮಾಡಿದರು. ‘ಮೂಲಕ್ಕೆ ನಿಷ್ಠವಾಗಿದೆ’ ಎಂಬ ಹೊಗಳಿಕೆ ಹುಟ್ಟಿದ್ದು ಇದರಿಂದಲೇ!

ಈ ನಿಷ್ಠೆಯ ಬೆಲೆಯನ್ನು ಲೆಕ್ಕಹಾಕಿ ನೋಡಬಹುದು. ಪೂರ್ಣವೇಗದಲ್ಲಿ ಓಡುವ ಮಾರಿಯೊ ಒಂದು ಸೆಕೆಂಡಿಗೆ ಸುಮಾರು 9 ಚೌಕಗಳನ್ನು ದಾಟುವನು. ಅವನು ತೆರೆಯ ನಡುವೆ ಇರುವನೆಂದು ಭಾವಿಸಿದರೆ, ಮೂಲದಲ್ಲಿ ಅವನ ಮುಂದೆ 8 ಚೌಕಗಳು ಕಾಣುವುವು. ಯೋಚಿಸುವುದಕ್ಕೆ ಒಂದು ಸೆಕೆಂಡಿಗೆ ತುಸು ಕಡಮೆ ಸಮಯ. ಮರುರೂಪದಲ್ಲಿ ಕಾಣುವುವು 5; ಸಮಯವು ಅರ್ಧ ಸೆಕೆಂಡಿಗೆ ತುಸು ಹೆಚ್ಚು. ಈ ಅರ್ಧಕ್ಷಣದ ಅಂತರವು ಅಲ್ಪವೆಂದು ಮನೆಯ ಹಿರಿಯರಿಗೆ ತೋರಬಹುದು. ಓಡುವವನಿಗೆ ಅದು ಅಲ್ಪವಲ್ಲ. ಕಂಡು ನೆಗೆಯುವುದಕ್ಕೂ ನೆಗೆದು ಕಾಣುವುದಕ್ಕೂ ಇರುವ ಅಂತರವೇ ಅದು.

ಮೇಲೆ ಹೇಳಿದ ಮೆಟ್ಟಿಲಸಾಲುಗಳ ಪಾಠವು ಏನಾಯಿತೆಂದು ಪರೀಕ್ಷಿಸೋಣವಾಗಲಿ. ಏರುವ ನಾಲ್ಕು ಮೆಟ್ಟಿಲು, ಎರಡು ಚೌಕದ ಎಡೆ, ಇಳಿಯುವ ನಾಲ್ಕು ಮೆಟ್ಟಿಲು: ಒಟ್ಟು 10 ಚೌಕ. ಮೂಲದ 16 ಚೌಕಗಳ ತೆರೆಯಲ್ಲಿ ಅದು ಒಂದೇ ನೋಟಕ್ಕೆ ಸಿಕ್ಕುವ ಒಂದು ಇಡೀ ವಾಕ್ಯ. ಮರುರೂಪದಲ್ಲಿ ಮೆಟ್ಟಿಲ ಬುಡದಲ್ಲಿ ನಿಂತವನಿಗೆ ನಾಲ್ಕು ಮೆಟ್ಟಿಲೂ ಎಡೆಯ ಒಂದು ಚೌಕವೂ ಕಂಡರೆ ಹೆಚ್ಚು. ವಾಕ್ಯದ ಕ್ರಿಯಾಪದವು ತೆರೆಯ ಆಚೆ ಉಳಿಯಿತು. ಮೊದಲ ಘಟ್ಟದಲ್ಲಿ ಇದು ಬರಿಯ ಅನಾನುಕೂಲ. ಮುಂದಿನ ಲೋಕಗಳಲ್ಲಿ, ಫಿರಂಗಿಯ ಗುಂಡುಗಳು ಬಲದಂಚಿನಿಂದ ಹಾರಿಬರುವೆಡೆಯಲ್ಲಿ, ಕೋಟೆಯ ಕತ್ತಲಲ್ಲಿ ಬೌಸರನು ಉಗುಳಿದ ಬೆಂಕಿಯು ಅವನಿಗಿಂತ ಮುಂಚೆಯೇ ಬರುವೆಡೆಯಲ್ಲಿ, ಓಡಿಬಂದು ನೆಗೆದಲ್ಲದೆ ದಾಟಲಾಗದ ಎಂಟನೆಯ ಲೋಕದ ಹಳ್ಳಗಳಲ್ಲಿ, ಅದು ಅನ್ಯಾಯವೇ ಆಗುವುದು. ಆಚೆಯ ದಡವನ್ನು ಕಾಣದೆಯೇ ಮಾರಿಯೊ ಗಾಳಿಗೆ ಹಾರಬೇಕಾಗುವುದು. ದಡವಿದ್ದರೆ ಅದೃಷ್ಟ, ಇಲ್ಲದಿದ್ದರೆ ಮತ್ತೊಂದು ಪ್ರಾಣ. ಕೌಶಲದ ಆಟವು ಪಗಡೆಯ ದಾಳವಾಯಿತು. ಇಲ್ಲಿಯ ಬಾವಿಯು ಹಗಲಿನಲ್ಲಿಯೂ ಕಾಣದ ಬಾವಿ.

ಮೂಲವನ್ನು ಬಾಯಿಪಾಠವಾಗಿ ಬಲ್ಲವರಿಗೆ ಈ ದೋಷ ತೋರಲಿಲ್ಲ. ಹೊಗಳಿದವರಲ್ಲಿ ಅಂಥವರು ಕಡಮೆ ಇರಲಿಕ್ಕಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಅವರು ಕಂಡ ಬಾವಿಗಳೆಲ್ಲ ಅವರ ಬೆರಳುಗಳಲ್ಲಿ ನೆನಪಾಗಿದ್ದವು. ಕಿಟಕಿ ಎಷ್ಟು ಕಿರಿದಾದರೂ ಅವರು ನೋಡುತ್ತಿದ್ದುದು ನೆನಪಿನ ದೊಡ್ಡ ತೆರೆಯನ್ನೇ. ಆದರೆ ಆ ವರ್ಷ ಹುಟ್ಟುಹಬ್ಬದ ಉಡುಗೊರೆಯಾಗಿ ಯಂತ್ರವನ್ನು ಪಡೆದ ಎಂಟು ವರ್ಷದ ಬಾಲಕನಿಗೆ ಆ ನೆನಪೆಲ್ಲಿಂದ ಬರಬೇಕು? ಅವನು ಬಿದ್ದನು; ಏಕೆ ಬಿದ್ದೆನೆಂದು ತಿಳಿಯದೆ ಬಿದ್ದನು; ಶ್ರೇಷ್ಠವೆಂದು ಹಿರಿಯರು ಹೊಗಳಿದ ಆಟವು ಹೀಗೆಯೇ ಇರುವುದೆಂದು ನಂಬಿದನು. ಎರಡನೆಯ ಋಣವು ತೀರದೆ ಉಳಿದುದು ಇಲ್ಲಿ.

ಪೂರ್ವಪಕ್ಷಗಳು, ಅವುಗಳ ಪರಿಹಾರ

ಮರುರೂಪದ ಪಕ್ಷಪಾತಿಗಳು ಸುಮ್ಮನಿರತಕ್ಕವರಲ್ಲ. ಅವರ ಮುಖ್ಯ ವಾದಗಳು ನಾಲ್ಕು.

ಮೊದಲನೆಯದು, ಹಾಸಿಗೆಯ ವಾದ. ‘ಹಾಸಿಗೆಯಿದ್ದಷ್ಟು ಕಾಲು ಚಾಚಬೇಕು, ಯಂತ್ರದ ತೆರೆಯೇ ಅಷ್ಟಿರುವಾಗ ಪುನಾರಚಕರು ಮಾಡುವುದೇನು?’ ಎಂದು ಇವರು ಕೇಳುವರು. ಗಾದೆಯೇನೋ ನಿಜ. ಆದರೆ ಹಾಸಿಗೆ ಚಿಕ್ಕದಾದರೆ ಕಾಲನ್ನು ಮಡಿಸಿಕೊಳ್ಳಬೇಕೆಂದು ಅದರ ಅರ್ಥವೇ ಹೊರತು ಕಾಲನ್ನು ಕತ್ತರಿಸಬೇಕೆಂದಲ್ಲ. ಕಾಲು ಮಡಿಸುವ ವಿದ್ಯೆ ಅದೇ ಸಂಸ್ಥೆಯಲ್ಲಿ ಹತ್ತು ವರ್ಷ ಮುಂಚೆಯೇ ಇತ್ತು. 1989ರಲ್ಲಿ ಮೊದಲ ಗೇಮ್ ಬಾಯ್ ಯಂತ್ರದೊಡನೆ ‘ಸೂಪರ್ ಮಾರಿಯೊ ಲ್ಯಾಂಡ್’ ಎಂಬ ಆಟವನ್ನು ಗುನ್‌ಪೆ ಯೋಕೊಯಿ ಅವರ ತಂಡವು ಕಟ್ಟಿತು. ಆ ಯಂತ್ರದ ತೆರೆಯೂ 160ಕ್ಕೆ 144ರದೇ. ಬಣ್ಣವೂ ಇಲ್ಲ, ನಾಲ್ಕೇ ಛಾಯೆಗಳು. ತಂಡದವರು ಮಾರಿಯೊನನ್ನು ಪುಟ್ಟ ಗೊಂಬೆಯಾಗಿ ಕಿರಿದುಮಾಡಿದರು, ಶತ್ರುಗಳನ್ನೂ ಕಿರಿದುಮಾಡಿದರು, ಹನ್ನೆರಡೇ ಘಟ್ಟಗಳನ್ನು ಆ ಕಿಟಕಿಗಾಗಿಯೇ ಹೊಸದಾಗಿ ರಚಿಸಿದರು. ನೋಡುವುದಕ್ಕೆ ಅದು ಬಡ ಆಟ. ಮಾರಿಯೊ ಇರುವೆಯಂತೆ ಕಾಣುವನೆಂದು ನಗುವವರೂ ಉಂಟು. ಆದರೆ ಆ ಬಡವನಿಗೆ ಮುಂದಿನ ದಾರಿ ಕಾಣುತ್ತಿತ್ತು.

ಇನ್ನೊಂದು ನಿದರ್ಶನವು ಇದಕ್ಕಿಂತಲೂ ಬಲವಾದುದು. 1981ರ ‘ಡಾಂಕಿ ಕಾಂಗ್’ ಎಂಬ ಅಂಗಡಿಯಾಟವು ಪ್ಲಾಟ್‌ಫಾರ್ಮ್ ಆಟಗಳ ಮೂಲಪುರುಷರಲ್ಲಿ ಒಂದು. ಮಾರಿಯೊ ಮೊದಲು ಕಾಣಿಸಿಕೊಂಡುದೂ ಅದರಲ್ಲಿಯೇ. 1994ರಲ್ಲಿ ಅದನ್ನು ಗೇಮ್ ಬಾಯ್ ಯಂತ್ರಕ್ಕೆ ತಂದವರು ಹಳೆಯ ನಾಲ್ಕು ಘಟ್ಟಗಳನ್ನು ಬಾಗಿಲಾಗಿ ಮಾತ್ರ ಇಟ್ಟುಕೊಂಡರು. ಬಾಗಿಲು ದಾಟಿದವನ ಮುಂದೆ 97 ಹೊಸ ಘಟ್ಟಗಳು; ಎಲ್ಲವೂ ಆ ಯಂತ್ರಕ್ಕೆಂದೇ ಅಳೆದು ಕಟ್ಟಿದವು. ಮಾರಿಯೊನಿಗೂ ಕೈಯೂರಿ ನಿಲ್ಲುವುದು, ಹಿಂದಕ್ಕೆ ಲಾಗ ಹಾಕುವುದು ಮುಂತಾದ ಹೊಸ ಚಲನೆಗಳನ್ನು ಕಲಿಸಿದರು. ಮೂಲದ ಅಕ್ಷರಕ್ಕೆ ಅವರು ಅಂಟಿಕೊಳ್ಳಲಿಲ್ಲ. ಮೂಲದ ಧರ್ಮಕ್ಕೆ ಅಂಟಿಕೊಂಡರು. ಹೀಗಿರಲು 1999ರ ಪುನಾರಚಕರಿಗೆ ಬೇರೆ ದಾರಿಯೇ ಇರಲಿಲ್ಲವೆಂಬುದು ಒಪ್ಪತಕ್ಕ ಮಾತಲ್ಲ. ದಾರಿಯಿತ್ತು, ಅದಕ್ಕೆ ಶ್ರಮ ಬೇಕಾಗಿತ್ತು. ಆ ಶ್ರಮವನ್ನು ಅವರು ಎಲ್ಲಿ ವೆಚ್ಚಮಾಡಿದರೆಂಬುದು ಎರಡನೆಯ ವಾದದಿಂದ ತಿಳಿಯುವುದು.

ಎರಡನೆಯದು, ಆಭರಣದ ವಾದ. ‘ಎಷ್ಟೆಲ್ಲ ಹೆಚ್ಚಾಗಿದೆ ನೋಡಿ!’ ಎಂದು ಇವರು ಪಟ್ಟಿ ಹಿಡಿಯುವರು. ಪಟ್ಟಿ ಉದ್ದವಾಗಿದೆಯೆಂಬುದು ನಿಜ. ಲೋಕಲೋಕಕ್ಕೂ ಭೂಪಟವಿದೆ. ಪ್ರತಿ ಘಟ್ಟದಲ್ಲಿಯೂ ಐದು ಕೆಂಪು ನಾಣ್ಯಗಳನ್ನೂ ಅವಿತಿರುವ ಮೊಟ್ಟೆಯೊಂದನ್ನೂ ಹುಡುಕುವ ಸ್ಪರ್ಧೆಯಿದೆ. ಬೂ ಎಂಬ ಭೂತದೊಡನೆ ಓಟದ ಪಂದ್ಯವಿದೆ. ತಂತಿಯಿಂದ ಎರಡು ಯಂತ್ರಗಳನ್ನು ಬೆಸೆದು ಗೆಳೆಯನೊಡನೆಯೂ ಓಡಬಹುದು. ಭವಿಷ್ಯ ಹೇಳುವವನಿದ್ದಾನೆ, ಪಂಚಾಂಗವಿದೆ, ಚಿಕ್ಕ ಮುದ್ರಣಯಂತ್ರದಿಂದ ಅಚ್ಚುಹಾಕಿಕೊಳ್ಳುವ ಚಿತ್ರಗಳಿವೆ. ಮೂರು ಲಕ್ಷ ಅಂಕಗಳನ್ನು ಗಳಿಸಿದವನಿಗೆ 1986ರ ಜಪಾನೀ ಎರಡನೆಯ ಭಾಗದ ಘಟ್ಟಗಳೂ ತೆರೆದುಕೊಳ್ಳುವುವು.

ಇವುಗಳಲ್ಲಿ ಕೆಲವು ಸೊಗಸಾದವೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಭೂತದೊಡನೆ ಓಡುವ ಪಂದ್ಯವಂತೂ ಹೊಸದಾಗಿ ಕಟ್ಟಿದ ಘಟ್ಟಗಳಲ್ಲಿ ನಡೆಯುವುದು. ಚಿಕ್ಕ ಕಿಟಕಿಗೆ ತಕ್ಕಂತೆ ಹೊಸ ಘಟ್ಟಗಳನ್ನು ರಚಿಸುವ ಶಕ್ತಿ ಅವರಲ್ಲಿತ್ತೆಂಬುದಕ್ಕೆ ಅದೇ ಸಾಕ್ಷಿಯಾಗಿ ನಿಲ್ಲುವುದು! ಶಕ್ತಿಯಿದ್ದೂ ಮುಖ್ಯವಾದ ಆಟಕ್ಕೆ ಅದನ್ನು ಉಪಯೋಗಿಸದಿದ್ದುದೇ ದೊಡ್ಡ ದೂರು. ಮುಖಕ್ಕೆ ಕಣ್ಣು ಬೇಕಾಗಿದ್ದಾಗ ಮೂಗಿಗೆ ಮೂಗುತಿ ಮಾಡಿಸಿದರು. ಮೂಗಿಗಿಂತ ಮೂಗುತಿಯೇ ಭಾರವಾಯಿತು. ಅಲ್ಲದೆ ಆ ಎರಡನೆಯ ಭಾಗವೂ ಇಡಿಯಾಗಿ ಬರಲಿಲ್ಲ. ಮೂಲದಲ್ಲಿದ್ದ ಗಾಳಿಯ ಬೀಸು ಇದರಲ್ಲಿಲ್ಲ. ಒಂಬತ್ತನೆಯ ಲೋಕವೂ ಅದರಾಚೆಯ ನಾಲ್ಕು ವಿಶೇಷ ಲೋಕಗಳೂ ಇಲ್ಲ. ಮೊದಲೇ ಕಠಿಣವೆಂದು ಪ್ರಸಿದ್ಧವಾದ ಆ ಘಟ್ಟಗಳನ್ನು ಆರಾಣೆಯ ಕಿಟಕಿಯಲ್ಲಿ ಆಡಿಸುವುದು ಉದಾರತೆಯೋ ಹಿಂಸೆಯೋ ಎಂಬುದನ್ನು ಆಡಿದವರೇ ಹೇಳಬೇಕು.

ಮೂರನೆಯದು, ನರ್ತಕಿಯ ವಾದ. ‘ಕುಣಿಯಲಾರದವಳು ನೆಲ ಡೊಂಕೆಂದಳಂತೆ, ಆಡಲಾರದವರು ತೆರೆ ಚಿಕ್ಕದೆನ್ನುವರು’ ಎಂದು ಇವರು ಹಾಸ್ಯಮಾಡುವರು. ಇದರಲ್ಲಿ ವಿನೋದವಿದೆ, ವಿಚಾರವಿಲ್ಲ. ಗಾದೆಯ ನೆಲವು ನಿಜವಾಗಿ ಸಮವಾಗಿತ್ತು. ಆದುದರಿಂದಲೇ ಆ ನರ್ತಕಿಯ ಮಾತು ನಗೆಗೀಡಾಯಿತು. ಇಲ್ಲಿ ನೆಲವು ಡೊಂಕೆಂದು ಅಳತೆಗೋಲೇ ಹೇಳುತ್ತಿದೆ: ಹದಿನಾರರ ಎಡೆಯಲ್ಲಿ ಹತ್ತು, ಹದಿನೈದರ ಎಡೆಯಲ್ಲಿ ಒಂಬತ್ತು. ನಿಪುಣನಾದವನು ಡೊಂಕುನೆಲದ ಮೇಲೆಯೂ ಕುಣಿದಾನು. ಅದರಿಂದ ನರ್ತಕನ ನೈಪುಣ್ಯ ಸಿದ್ಧವಾಯಿತೇ ಹೊರತು ನೆಲದ ಸಮತೆ ಸಿದ್ಧವಾಗಲಿಲ್ಲ.

ನಾಲ್ಕನೆಯದು, ಅನುಕೂಲದ ವಾದ. ನಾಲ್ಕರಲ್ಲಿ ಇದೇ ಗೌರವಕ್ಕೆ ಯೋಗ್ಯವಾದುದು. ಪುನಾರಚಕರು ತೆರೆ ಕಿರಿದೆಂಬುದನ್ನು ಅರಿಯದವರಾಗಿರಲಿಲ್ಲ; ಆದುದರಿಂದಲೇ ನಿಂತ ನೆಲೆಯಿಂದ ದೃಷ್ಟಿಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ನೋಡುವ ಸೌಕರ್ಯವನ್ನು ಕಲ್ಪಿಸಿದರು. ಮೂಲದಲ್ಲಿಲ್ಲದ ಇನ್ನೊಂದು ಉಪಕಾರವನ್ನೂ ಮಾಡಿದರು: ಆಡಿದಷ್ಟನ್ನು ಕಾಪಿಟ್ಟು ಇನ್ನೊಂದು ದಿನ ಅಲ್ಲಿಂದಲೇ ಮುಂದುವರಿಸಬಹುದು. ಬಸ್ಸಿನಲ್ಲಿ ರೈಲಿನಲ್ಲಿ ತುಸುತುಸುವಾಗಿ ಆಡುವವರಿಗೆ ಈ ಎರಡನೆಯದು ದೊಡ್ಡ ಸಹಾಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಮೇಲೆ ಕೆಳಗೆ ನೋಡುವ ಸೌಕರ್ಯವು ನಿಂತವನಿಗೆ. ಈ ಆಟವೋ ಓಡುವವನದು. ತಲೆಯ ಮೇಲೆ ಗಡಿಯಾರವು ಇಳಿಯುತ್ತಿರುವಾಗ, ಓಟದ ಭರವಿಲ್ಲದೆ ದಾಟಲಾಗದ ಹಳ್ಳವು ಎದುರಾಗುವಾಗ, ನಿಂತು ನೋಡಿಕೊಂಡು ಬಾ ಎನ್ನುವುದು ತಾಳವನ್ನು ನಿಲ್ಲಿಸಿ ಹಾಡು ಎಂದಂತೆ. ಇನ್ನು ಕಾಪಿಡುವ ಉಪಕಾರ. ಸತ್ತರೂ ಹೆಚ್ಚು ನಷ್ಟವಿಲ್ಲದಂತೆ ಮಾಡಿದರೆಂಬುದು ನಿಜ. ಅನ್ಯಾಯವಾಗಿ ವಿಧಿಸಿದ ದಂಡವನ್ನು ಕಡಮೆಮಾಡಿದ ಮಾತ್ರಕ್ಕೆ ತೀರ್ಪು ನ್ಯಾಯವಾಗುವುದೆ? ಅಪರಾಧಿಗೆ ನೋವು ತುಸು ತಗ್ಗಿತು, ಅಷ್ಟೆ. ಏಕೆ ದಂಡ ತೆತ್ತೆನೆಂಬುದು ಅವನಿಗೆ ಆಗಲೂ ತಿಳಿಯಲಿಲ್ಲ.

ಕಾರಣ ಹೋದರೂ ಉಳಿದ ಕಾರ್ಯ

ಯಂತ್ರದ ಬಡತನವೇ ಎಲ್ಲಕ್ಕೂ ಕಾರಣವೆಂದು ಒಂದು ಗಳಿಗೆ ಒಪ್ಪಿಕೊಂಡರೂ ಮುಂದಿನ ಚರಿತ್ರೆಯು ಆ ಸಮಾಧಾನವನ್ನು ಉಳಿಸುವುದಿಲ್ಲ. 2004ರಲ್ಲಿ ಅದೇ ಸಂಸ್ಥೆಯು ಮೂಲದ ಆಟವನ್ನು ಗೇಮ್ ಬಾಯ್ ಅಡ್ವಾನ್ಸ್ ಎಂಬ ಮುಂದಿನ ಅಂಗೈಯಂತ್ರಕ್ಕೆ ತಂದಿತು. ಅದರ ತೆರೆ 240ಕ್ಕೆ 160. ಈ ಸಲ ಅಗಲವನ್ನು ಹೆಚ್ಚುಕಡಮೆ ಉಳಿಸಿಕೊಂಡು ಎತ್ತರವನ್ನು ಅದುಮಿದರು. ಮಾರಿಯೊ ಕುಳ್ಳನಾದನು, ಚಿತ್ರದ ಗೆರೆಗಳು ಅಲ್ಲಲ್ಲಿ ಕೆಟ್ಟುವು. ಆದರೆ ಮುಂದಿನ ಹಳ್ಳವು ಮತ್ತೆ ಕಣ್ಣಿಗೆ ಬಿದ್ದಿತು. ರೂಪವು ಕೆಟ್ಟರೂ ನ್ಯಾಯವು ಉಳಿಯಿತು. ಎರಡರಲ್ಲಿ ಒಂದನ್ನು ಬಿಡಲೇಬೇಕಾದರೆ ಯಾವುದನ್ನು ಬಿಡಬೇಕೆಂಬುದನ್ನು ಆ ಪುಟ್ಟ ಆಟವು ಆಡಂಬರವಿಲ್ಲದೆ ತೋರಿಸಿತು. ಅದರಲ್ಲಿ ಭೂಪಟವಿಲ್ಲ, ಪಂಚಾಂಗವಿಲ್ಲ, ಮೊಟ್ಟೆಯಿಲ್ಲ. ಅದನ್ನು ‘ಡಿಲಕ್ಸ್’ ಎಂದು ಯಾರೂ ಕರೆಯಲಿಲ್ಲ.

2014ರಲ್ಲಿ ‘ಡಿಲಕ್ಸ್’ ಆಟವೇ ನಿಂಟೆಂಡೊ ತ್ರೀಡಿಎಸ್ ಯಂತ್ರದ ಅಂತರ್ಜಾಲದಂಗಡಿಯಲ್ಲಿ ಮತ್ತೆ ಮಾರಾಟಕ್ಕೆ ಬಂದಿತು. ಆ ಯಂತ್ರದ ಮೇಲಿನ ತೆರೆಯ ಎತ್ತರವೇ 240 ಚುಕ್ಕಿ. ಮೂಲದ ಇಡಿಯ ಚಿತ್ರ ಹಿಡಿಯುವಷ್ಟು ಸ್ಥಳವಿದ್ದರೂ, ಅದರೊಳಗೆ 1999ರ ಕತ್ತರಿಸಿದ ಕಿಟಕಿಯನ್ನೇ ಇಟ್ಟು ತೋರಿಸಿದರು. ಕಾರಣವು ಹೋದಮೇಲೂ ಕಾರ್ಯವು ಉಳಿಯಿತು. ಅಂಗಳ ವಿಶಾಲವಾದರೂ ಕಿಂಡಿಯಿಂದಲೇ ಇಣುಕುವ ಅಭ್ಯಾಸ ಬಿಡಲಿಲ್ಲ. ಮೂಲದ ಆಟವೂ ಅದೇ ಅಂಗಡಿಯಲ್ಲಿ ಬೇರೆಯಾಗಿ ದೊರೆಯುತ್ತಿತ್ತೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಎರಡನ್ನೂ ಅಕ್ಕಪಕ್ಕದಲ್ಲಿ ಕಂಡ ತಾಯಿತಂದೆಯರು ಯಾವುದನ್ನು ಆರಿಸಿಕೊಳ್ಳುವರು? ‘ಹೆಚ್ಚು’ ಎಂದು ಹೆಸರಿನಲ್ಲಿಯೇ ಬರೆದಿರುವುದನ್ನಲ್ಲವೆ? 2023ನೆಯ ಮಾರ್ಚಿಯಲ್ಲಿ ಆ ಅಂಗಡಿಯಲ್ಲಿ ಮಾರಾಟವು ನಿಂತಿತು.

ಇದಕ್ಕೆ ಪ್ರತಿಯಾಗಿ 2020ನೆಯ ನವೆಂಬರಿನಲ್ಲಿ, ಆಟದ ಮೂವತ್ತೈದನೆಯ ವರ್ಷದ ಸ್ಮರಣೆಗಾಗಿ, ‘ಗೇಮ್ ಅಂಡ್ ವಾಚ್’ ಎಂಬ ಹಳೆಯ ಹೆಸರಿನಲ್ಲಿ ಅಂಗೈಯಗಲದ ಯಂತ್ರವೊಂದನ್ನು ಹೊರತಂದರು. 2021ರ ಮಾರ್ಚಿ ಕೊನೆಯವರೆಗೆ ಮಾತ್ರ ಅದನ್ನು ಅಂಗಡಿಗಳಿಗೆ ಒದಗಿಸಿದರು. ಗೇಮ್ ಬಾಯ್ ಯಂತ್ರಕ್ಕಿಂತಲೂ ಚಿಕ್ಕದಾದ ಆ ಯಂತ್ರದಲ್ಲಿ ಮೂಲದ ಚಿತ್ರವು ಕತ್ತರಿಯಿಲ್ಲದೆ ಮೂಡಿತು. ಮೂವತ್ತೈದು ವರ್ಷಗಳ ಅಲಂಕಾರಗಳೆಲ್ಲ ಸಂದಮೇಲೆ ಮನೆಯವರೇ ತಮ್ಮ ಕೃತಿಯನ್ನು ಗೌರವಿಸಬೇಕೆಂದು ಕುಳಿತಾಗ, ಮೊದಲು ಮರಳಿಸಿದುದು ಕಣ್ಣಿನ ಹಕ್ಕನ್ನು.

ಫಲಿತಾರ್ಥ

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಪುನಾರಚನೆಯನ್ನು ಅಳೆಯುವಾಗ ಏನು ಹೆಚ್ಚಾಯಿತೆಂದು ಕೇಳುವ ಮುಂಚೆ, ಮೂಲವು ಯಾವ ಧರ್ಮದ ಮೇಲೆ ನಿಂತಿತ್ತು, ಆ ಧರ್ಮವು ಉಳಿಯಿತೆ ಎಂದು ಕೇಳಬೇಕು. ಪ್ಲಾಟ್‌ಫಾರ್ಮ್ ಆಟದ ಧರ್ಮವು ದೃಷ್ಟಿ. ನೆಗೆಯೆಂದು ಹೇಳುವವನು ನೆಲವನ್ನು ತೋರಿಸಬೇಕು. ಇದೊಂದನ್ನು ಬಿಟ್ಟು ಬಣ್ಣ, ಸಂಗೀತ, ಘಟ್ಟ, ಶತ್ರು ಎಲ್ಲವನ್ನೂ ಚಾಚೂ ತಪ್ಪದೆ ಉಳಿಸಿದರೂ ಉಳಿದುದು ಮೂಲದ ಅಂಗಿಯೇ ಹೊರತು ಮೂಲದ ಮೈಯಲ್ಲ.

‘ಮಕ್ಕಳು ಸಂತೋಷದಿಂದ ಆಡಿದರಲ್ಲ, ಇಷ್ಟೇಕೆ ಕೋಪ?’ ಎಂದು ಕೊನೆಗೊಬ್ಬರು ಕೇಳಿಯಾರು. ಮಕ್ಕಳು ಸಂತೋಷದಿಂದ ಆಡಿದುದು ದಿಟ. ಕೊಟ್ಟುದರಲ್ಲಿ ಸಂತೋಷವನ್ನು ಹುಡುಕಿಕೊಳ್ಳುವುದು ಮಕ್ಕಳ ಗುಣ, ಕೊಟ್ಟವರ ಗುಣವಲ್ಲ. ಆಟದಿಂದ ಮಗುವು ಕಲಿಯುವ ಒಂದೇ ಒಂದು ನೀತಿಯುಂಟು: ನೋಡಿ ನಡೆದರೆ ದಾಟಬಹುದು, ನೋಡದೆ ನಡೆದರೆ ಬೀಳುವೆ, ಬಿದ್ದರೆ ತಪ್ಪು ನಿನ್ನದು, ತಿದ್ದಿಕೊಂಡರೆ ಗೆಲುವೂ ನಿನ್ನದು. 1985ರ ಆಟವು ಈ ನೀತಿಯನ್ನು ಒಂದು ಅಕ್ಷರವನ್ನೂ ಬರೆಯದೆ ಕೋಟ್ಯಂತರ ಮಕ್ಕಳಿಗೆ ಕಲಿಸಿತು. 1999ರ ಮರುರೂಪವು ಅದರ ಎಡೆಯಲ್ಲಿ ಕಲಿಸಿದುದು ಬೇರೊಂದನ್ನು: ನೋಡಿದರೂ ಕಾಣದು, ಹಾರಿಬಿಡು, ಆದದ್ದಾಗಲಿ. ಈ ಎರಡನೆಯ ಪಾಠವನ್ನು ಲೋಕವು ಹೇಗೂ ಕಲಿಸುವುದು. ಅದಕ್ಕೆ ಆಟವೇ ಬೇಕಾಗಿಲ್ಲ.

ಆದುದರಿಂದ ಮನೆಗೆ ಇಂಥದೊಂದು ಮರುರೂಪವನ್ನು ತರುವ ಹಿರಿಯರು, ಪೆಟ್ಟಿಗೆಯ ಮೇಲಣ ಪಟ್ಟಿಯನ್ನು ಓದಿ ತೃಪ್ತರಾಗದೆ, ಮಗುವಿನ ಪಕ್ಕದಲ್ಲಿ ಹತ್ತು ನಿಮಿಷ ಕುಳಿತು ಒಂದೇ ಒಂದನ್ನು ಗಮನಿಸಲಿ. ಅದು ಬಿದ್ದಾಗ ತುಟಿ ಕಚ್ಚಿ ಮತ್ತೆ ಹೊರಡುವುದೋ, ಏನಾಯಿತೆಂದು ತಿಳಿಯದೆ ಹಿರಿಯರ ಮುಖವನ್ನು ನೋಡುವುದೋ? ಮುಖವನ್ನು ನೋಡಿದರೆ ತಪ್ಪು ಮಗುವಿನದಲ್ಲ. ಆ ಯಂತ್ರವನ್ನು ಕೆಳಗಿಟ್ಟು, ಕತ್ತರಿಸದ ಮೂಲವನ್ನು ಹುಡುಕಿ ತಂದು ಅದರ ಕೈಗೆ ಕೊಡತಕ್ಕದ್ದು.